ಕೋವಿಯ ಒದೆತ

ಅಕ್ಕೂರಿನ ನಮ್ಮ ಮನೆಯಲ್ಲಿ ತಾತನದೊಂದು ಒಂಟಿ ನಳಿಕೆಯ ಕೋವಿ ಇತ್ತು. ಬೆಳೆ ಕಾಯಲೆಂದು ಸಿಕ್ಕ ಲೈಸೆನ್ಸು. ಕಾಡಾನೆಗಳು ರಾಗಿ ಹೊಲಕ್ಕಿಳಿದಾಗ ತಮಟೆ, ಪಟಾಕಿಗೂ ಜಗ್ಗದಿದ್ದರೆ ತಾತ ಆಕಾಶಕ್ಕೆ ಒಂದು ತೋಟಾ ಹಾರಿಸುತ್ತಿದ್ದರು.

ಭೌತಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ ವರ್ಷ ಹಬ್ಬಕ್ಕೆ ಬಂದವನು ತಾತನಿಗೆ ಪಾಠ ಹೇಳಲು ಕೂತೆ. 32 ಗ್ರಾಂ ಚರೆ ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಮುಂದೆ ಹೋದರೆ, 3 ಕಿಲೋ ಕೋವಿ ಸುಮಾರು 4 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ಕೋವಿ ಹಗುರವಾದಷ್ಟೂ ಒದೆತ ಜೋರು. ಹಿಡಿಯ ಮರ ನಳಿಕೆಯ ಗೆರೆಗಿಂತ ತೀರಾ ಕೆಳಕ್ಕೆ ಬಾಗಿದ್ದರೆ ಮೂತಿ ಮೇಲೆದ್ದು ಮರ ಕೆನ್ನೆಗೆ ಬಡಿಯುತ್ತದೆ. ನೇರವಾಗಿದ್ದರೆ ಒದೆತ ಸೀದಾ ಹೆಗಲಿಗೆ. ಉದ್ದವೂ ಆಳಿಗೆ ಹೊಂದಬೇಕು. ಬ್ರಿಟಿಷರ ಕಾಲದ .303 ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಹಿಡಿಯನ್ನು ಬೇರೆ ಬೇರೆ ಉದ್ದಗಳಲ್ಲಿ ಮಾಡುತ್ತಿದ್ದದ್ದು ಅದಕ್ಕೇ.

ತಾತ ಎಲ್ಲ ಕೇಳಿ, "ಹೆಗಲಿಗೆ ಒತ್ತಿ ಹಿಡ್ಕೊಂಡ್ರೆ ತಳ್ತದೆ, ಸಡಿಲ ಬಿಟ್ರೆ ಗುದ್ದುತ್ತೆ. ಅಷ್ಟೇ ಕಣ್ಮಗ" ಅಂದರು. ನನ್ನ ಅರ್ಧ ಗಂಟೆಯ ಪಾಠ ಅದರಲ್ಲೇ ಇತ್ತು. ಒತ್ತಿ ಹಿಡಿದಾಗ ಕೋವಿಯ ಜೊತೆ ಮೈಯ ತೂಕವೂ ಸೇರುತ್ತದೆ.

ಆಮೇಲೆ ಕೋವಿ ನೋಡಿದೆ. ಹಿಡಿಯ ತುದಿಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಅಂಟಿಸಿತ್ತು. ಅಜ್ಜಿಯ ಕೆಲಸ. ರಬ್ಬರು ಸೇರಿ ಹಿಡಿ ಉದ್ದವಾಗಿ ತಾತನ ಕೈಗೆ ಎಟುಕದಾದಾಗ, ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ನೆಂಟರೊಬ್ಬರು ಅಷ್ಟೇ ದಪ್ಪ ಮರವನ್ನು ಕೊಯ್ದು ತೆಗೆದಿದ್ದರು. ರಬ್ಬರು ಪೆಟ್ಟನ್ನು ಕಡಿಮೆ ಮಾಡುವುದಿಲ್ಲ, ಅದರ ಕಾಲವನ್ನು ಹಿಗ್ಗಿಸುತ್ತದೆ ಎಂದು ಅಜ್ಜಿಗೂ ವಿವರಿಸಲು ಹೊರಟೆ.

"ಅದೆಲ್ಲ ಇರ್ಲಿ, ನಿಮ್ ತಾತನ ಹೆಗಲು ನೋಡಿದ್ದೀಯಾ?" ಅಂದರು.

ನೋಡಿರಲಿಲ್ಲ. ಅಂಗಿ ಸರಿಸಿದಾಗ ಎಲುಬಿನ ಮೇಲೆ ಕಪ್ಪಗೆ ಕಂದಿದ ಕಲೆ. ಕೋವಿ ಅದೇ, ತೋಟಾ ಅದೇ. ಹೆಗಲ ಮಾಂಸ ಕರಗಿತ್ತು. ನನ್ನ ಲೆಕ್ಕದಲ್ಲಿ ಕೋವಿಯ ತೂಕವಿತ್ತು, ತಾತನ ವಯಸ್ಸು ಇರಲಿಲ್ಲ. ನೋಯುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ.

ತಾತ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ಹೊರಡುವ ಮುಂಚೆ ಅಜ್ಜಿ ಕುಡುಗೋಲಿನ ತುದಿಯಿಂದ ರಬ್ಬರನ್ನು ಮೆಲ್ಲಗೆ ಎಬ್ಬಿಸಿದರು. "ಪೊಲೀಸ್ನೋರಿಗೆ ಇದ್ಯಾಕೆ" ಎನ್ನುತ್ತಾ ಸೆರಗಿಗೆ ಒರೆಸಿ, ಒಳಗೆ ತೆಗೆದುಕೊಂಡು ಹೋದರು.