ರಾಗಿ ಹೊಲದ ಅಣ್ಣೆ ಸೊಪ್ಪು

ಮುಂಗಾರು ಮಳೆ ಹದವಾಗಿ ಬಿದ್ದು ರಾಗಿ ಪೈರು ಗೇಣುದ್ದ ಎದ್ದಿತೆಂದರೆ, ಮುಳಬಾಗಿಲು ತಾಲ್ಲೂಕಿನ ಬೈರಕೂರು ಸೀಮೆಯಲ್ಲಿ ಕಳೆ ಕೀಳುವ ಕೆಲಸ ಶುರು. ಕಿತ್ತ ಕಳೆಯಲ್ಲಿ ಬಹುಪಾಲು ಬದುವಿಗೆ ಬೀಳುತ್ತದೆ. ಆಯ್ದ ಕೆಲವು ಗಿಡಗಳು ಮಾತ್ರ ಹೆಂಗಸರ ಮಡಿಲು ಸೇರಿ, ಬೆರಕೆ ಸೊಪ್ಪಾಗಿ ಮನೆಗೆ ಬರುತ್ತವೆ. ಅವುಗಳಲ್ಲೊಂದು ಅಣ್ಣೆ ಸೊಪ್ಪು.

ದಂಟು, ಕೀರೆಗಳ ಕುಟುಂಬಕ್ಕೆ ಸೇರಿದ ಈ ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ ಸೆಲೋಸಿಯಾ ಅರ್ಜೆಂಟಿಯಾ ಎಂದು ಹೆಸರು. ಅಂಗಳದಲ್ಲಿ ಬೆಳೆಸುವ ಕೋಳಿಜುಟ್ಟಿನ ಹೂವು ಇದರ ಹತ್ತಿರದ ನೆಂಟ. ಒಂದೇ ವರ್ಷದ ಬಾಳು, ನೆಟ್ಟಗಿನ ಕಾಂಡ, ಈಟಿಯ ಮೊನೆಯಂಥ ಎಲೆ. ತುದಿಯಲ್ಲಿ ಮೂಡುವ ತೆನೆ ಬುಡದಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ: ತುದಿಯ ಹೂಗಳು ಇನ್ನೂ ನಸುಗೆಂಪಾಗಿರುವಾಗಲೇ ಬುಡದವು ಬೆಳ್ಳಿ ಬಣ್ಣಕ್ಕೆ ತಿರುಗಿ ಬೀಜ ಕಟ್ಟಿರುತ್ತವೆ. ಬಲಿತ ಕಾಯಿಯ ಮೇಲರ್ಧ ಮುಚ್ಚಳದಂತೆ ಕಳಚಿ, ಮಿರುಗುವ ಕಪ್ಪು ಬೀಜಗಳು ಉದುರುತ್ತವೆ. ಒಂದು ಗಿಡಕ್ಕೆ ಸಾವಿರಾರು ಬೀಜ. ಬೇಸಾಯಗಾರರಿಗೆ ಇದರ ಮೇಲೆ ಮುನಿಸು ಬರುವುದೂ ಅದಕ್ಕೇ.

ಸೊಪ್ಪು ಕೊಯ್ಯಬೇಕಾದದ್ದು ತೆನೆ ಬರುವ ಮೊದಲೇ. ಎಳೆಯ ಕುಡಿಗಳನ್ನು ಬಿಡಿಸಿ, ಅರೆಬೆಂದ ತೊಗರಿಬೇಳೆಗೋ ಅಲಸಂದೆ ಕಾಳಿಗೋ ಹಾಕಿ ಬೇಯಿಸಿ, ಕಟ್ಟು ಬಸಿದು ಖಾರ ಕೂಡಿಸಿದರೆ ಬಸ್ಸಾರು. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ಮುದ್ದೆಗೆ ಎರಡೂ ಸೈ. ಕಬ್ಬಿಣ, ಸುಣ್ಣದ ಅಂಶ ಈ ಸೊಪ್ಪಿನಲ್ಲಿ ಚೆನ್ನಾಗಿದೆ. ಆಕ್ಸಲೇಟ್ ಕೂಡ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಿತವಾಗಿ ತಿನ್ನಬೇಕು.

ಇಲ್ಲಿ ಕಳೆಯೆನಿಸಿಕೊಂಡ ಈ ಗಿಡ ನೈಜೀರಿಯಾದಲ್ಲಿ ಮಡಿ ಕಟ್ಟಿ ಬೆಳೆಯುವ ತರಕಾರಿ. ಯೊರುಬಾ ಜನ 'ಶೊಕೊ' ಎಂದು ಕರೆಯುವ ಇದು ಲಾಗೋಸ್‌ನ ಸಂತೆಗಳಿಗೆ ಕಟ್ಟುಗಟ್ಟಲೆ ಬರುತ್ತದೆ. ತೆಲಂಗಾಣದಲ್ಲಿ ಇದರ ಹೂವೇ 'ಗುನುಗು'. ನವರಾತ್ರಿಯ ಸಮಯದ ಬತುಕಮ್ಮ ಹಬ್ಬದಲ್ಲಿ ಅದಕ್ಕೆ ಬಣ್ಣ ಹಾಕಿ, ತಂಗಡಿ ಹೂವಿನ ಜತೆ ಸಾಲುಸಾಲಾಗಿ ಜೋಡಿಸುತ್ತಾರೆ.

ಕಳೆನಾಶಕ ಹೊಡೆದ ಹೊಲದ ಸೊಪ್ಪನ್ನು ತರುವಂತಿಲ್ಲ. ಟೊಮೆಟೊ ತೋಟದ ಅಂಚಿನದ್ದಾದರೂ ಅಷ್ಟೇ, ಔಷಧಿಯ ಭಯ. ಆದ್ದರಿಂದ ಹಿತ್ತಲಲ್ಲೊಂದು ಮಡಿ ಮಾಡಿಕೊಳ್ಳುವುದು ಮೇಲು. ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣನ್ನು ನುಣ್ಣಗೆ ಮಾಡಿ, ಸಣ್ಣ ಬೀಜಕ್ಕೆ ಮರಳು ಕಲಸಿ ಮೇಲೆಮೇಲೆ ಚೆಲ್ಲಬೇಕು. ಆಳಕ್ಕೆ ಬಿದ್ದರೆ ಮೊಳೆಯುವುದು ಕಷ್ಟ. ಬಿಸಿಲು ಬೀಳುವ ಜಾಗವಿರಲಿ, ನೀರು ನಿಲ್ಲದಿರಲಿ. ಐದಾರು ವಾರಕ್ಕೆ ಕುಡಿ ಚಿವುಟಬಹುದು, ಚಿವುಟಿದಲ್ಲಿ ಕವಲೊಡೆದು ಮತ್ತೆ ಚಿಗುರುತ್ತದೆ.

ಬೀಜಕ್ಕೆಂದು ಎರಡು ಗಿಡ ಬಿಟ್ಟರೆ ಸಾಕು. ತೆನೆ ಒಣಗುತ್ತಿದ್ದಂತೆ ಕೊಯ್ದು ಬಟ್ಟೆಯ ಮೇಲೆ ಕೊಡವಿಕೊಂಡು, ಉಳಿದ ಗಿಡಗಳನ್ನು ತೆನೆ ಬಲಿಯುವ ಮೊದಲೇ ಕಿತ್ತುಬಿಟ್ಟರೆ ಮುಂದಿನ ವರ್ಷದ ರಾಗಿಗೆ ಅದರಿಂದ ಕಾಟವಿರುವುದಿಲ್ಲ.