ಎಂಬತ್ತು ಪ್ರಶ್ನೆ, ಎಂಬತ್ತು ಸೀಟು

ಐದನೇ ತರಗತಿ ಓದುವ ಮಕ್ಕಳಿರುವ ಮನೆಗಳಲ್ಲಿ 'ನವೋದಯ' ಎಂಬ ಹೆಸರು ಒಮ್ಮೆಯಾದರೂ ಕೇಳಿಬರುತ್ತದೆ. ನಮ್ಮ ಚಾಮರಾಜನಗರ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಹೊಂಡರಬಾಳಿನಲ್ಲಿ. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೂ ಒಳ್ಳೆಯ ಓದು ಸಿಗಲೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಹುಟ್ಟಿದ ಶಾಲೆಗಳಿವು. ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಶೇಕಡ 75 ಸೀಟು ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಪಾಲಾದರೂ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಆದರೆ ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು.

ನಾನು ಗುಂಡ್ಲುಪೇಟೆ ತಾಲ್ಲೂಕಿನವನು, ನಿವೃತ್ತ ಮೇಷ್ಟ್ರು. ನನ್ನ ಮೊಮ್ಮಗ ಐದನೇ ತರಗತಿಗೆ ಬಂದ ವರ್ಷ ಸಂಜೆ ಹೊತ್ತು ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಶುರು ಮಾಡಿದೆ. ಎರಡನೇ ದಿನವೇ ಪಕ್ಕದ ಬೀದಿಯ ಹುಡುಗಿಯೊಬ್ಬಳು ಸ್ಲೇಟು ಹಿಡಿದು ಬಂದು ಕೂತಳು. ಅವಳ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದಲ್ಲಿ ಕೂಲಿಗಿದ್ದರು. ಇಲ್ಲಿ ಅವಳನ್ನು ಸಾಕುತ್ತಿದ್ದವರು ಅಜ್ಜಿ.

ಮೂರನೇ ದಿನ ಆ ಅಜ್ಜಿಯೇ ಬಂದರು. "ಸಾ, ಇವಳ ಬುಟ್ಟು ನಾನು ಒಬ್ಬಳೇ ಹೆಂಗಿರ್ಲಿ? ಹತ್ತು ವರ್ಷದ ಕೂಸ ಹಾಸ್ಟೆಲ್ಲಿಗೆ ಕಳಿಸೋಕೆ ಮನಸಾದ್ರೂ ಹೆಂಗೆ ಬತ್ತದೆ?" ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ಮೊದಲು ಪರೀಕ್ಷೆ ಬರೀಲಿ ಕಣಮ್ಮ, ಹೋಗೋದು ಬಿಡೋದು ಆಮೇಲೆ ನೋಡಣ" ಎಂದಷ್ಟೇ ಹೇಳಿದೆ.

ಮಕ್ಕಳೇ, ಆ ಪರೀಕ್ಷೆ ಹೀಗಿರುತ್ತದೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಗಣಿತಕ್ಕೆ 20, ಭಾಷೆಗೆ 20. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೊಂದು ಪ್ರಶ್ನೆಗೆ ಸಿಗುವುದು ಒಂದೂವರೆ ನಿಮಿಷ. ಉತ್ತರದ ವೃತ್ತವನ್ನು ಬಾಲ್ ಪೆನ್ನಿನಲ್ಲೇ ತುಂಬಬೇಕು, ಪೆನ್ಸಿಲ್ ಕೂಡದು. ರಬ್ಬರಿಗೆ ಒಗ್ಗಿದ ಕೈಗೆ ಅದೇ ದೊಡ್ಡ ಕಷ್ಟ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಲಾಗಿ ವೃತ್ತ ಬರೆದು ದಿನಾ ತುಂಬಿಸಿದೆ.

ಮಾನಸಿಕ ಸಾಮರ್ಥ್ಯವೆಂದರೆ ಚಿತ್ರಗಳ ಆಟ. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಿಸಿ ತೂತು ಮಾಡಿ ಬಿಡಿಸಿದರೆ ತೂತುಗಳು ಎಲ್ಲೆಲ್ಲಿರುತ್ತವೆ, ಅರ್ಧ ಬಿಟ್ಟ ವಿನ್ಯಾಸವನ್ನು ಪೂರ್ತಿ ಮಾಡುವುದು ಹೇಗೆ. ಕಾಗದ, ಕನ್ನಡಿ ನಮ್ಮ ಮನೆಯಲ್ಲೇ ಇದ್ದವು. ಆದರೆ ವಿನ್ಯಾಸ ಪೂರ್ತಿ ಮಾಡುವಲ್ಲಿ ಇಬ್ಬರೂ ತಡವರಿಸುತ್ತಿದ್ದರು. ಒಂದು ಸಂಜೆ ಹುಡುಗಿಯನ್ನು ಕರೆಯಲು ಬಂದ ಅಜ್ಜಿ ಪುಸ್ತಕಕ್ಕೆ ಇಣುಕಿ, "ಇದು ರಂಗೋಲಿ ಅಲ್ವಾ?" ಎಂದರು. ಮರುದಿನ ಬೆಳಿಗ್ಗೆಯಿಂದ ಅಂಗಳದಲ್ಲಿ ಚುಕ್ಕಿಯಿಟ್ಟು, ಅರ್ಧ ಎಳೆ ಎಳೆದು, ಮಿಕ್ಕರ್ಧವನ್ನು ಮಕ್ಕಳಿಗೆ ಬಿಡತೊಡಗಿದರು. ಹದಿನೈದು ದಿನದಲ್ಲಿ ಆ ಬಗೆಯ ಪ್ರಶ್ನೆಗಳು ಇಬ್ಬರಿಗೂ ಸಲೀಸಾದವು. ಮೊಮ್ಮಗಳು ಹೋಗುವುದು ಬೇಡವೆಂದ ಆ ಅಜ್ಜಿಯೇ ಅವಳು ಹೋಗುವ ದಾರಿಗೆ ರಂಗೋಲಿ ಹಾಕುತ್ತಿದ್ದರು.

ಗಣಿತಕ್ಕೆ ನಮ್ಮ ಹೊಲಗಳೇ ಸಾಕಾದವು. 250 ಕೆ.ಜಿ. ಚೆಂಡು ಹೂವು, ಕೆ.ಜಿ.ಗೆ 6 ರೂಪಾಯಿ. ಬಿಡಿಸುವ ಕೂಲಿ 700, ಗಾಡಿ ಬಾಡಿಗೆ 300. ಕೈಯಲ್ಲಿ ಉಳಿದದ್ದೆಷ್ಟು? ಲೆಕ್ಕ ಮುಗಿಸಿದ ಹುಡುಗಿ, "ಇಷ್ಟೇನಾ ಉಳಿಯೋದು ತಾತ?" ಎಂದಳು. ಲಾಭ ನಷ್ಟದ ಪಾಠ ಅವಳಿಗೆ ಅರ್ಥವಾಗಿತ್ತು.

ಅರ್ಜಿ ಹಾಕುವುದೂ ತಯಾರಿಯ ಒಂದು ಭಾಗವೇ. ಅದಕ್ಕೆ ಹಣ ಕಟ್ಟಬೇಕಾಗಿಲ್ಲ. ಆದರೆ ಅಂತರ್ಜಾಲದಲ್ಲೇ ಸಲ್ಲಿಸಬೇಕು. ಮುಖ್ಯೋಪಾಧ್ಯಾಯರ ದೃಢೀಕರಣ, ಮಗುವಿನ ಫೋಟೋ, ಮಗುವಿನದೂ ಪೋಷಕರದೂ ಸಹಿ ಬೇಕು. ಹುಡುಗಿಯ ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು ಸಹಿ ಹಾಕಿ, ಅಂದೇ ಕೊಡಗಿನ ಬಸ್ಸು ಹತ್ತಿದರು.

ಫಲಿತಾಂಶ ಬಂದಾಗ ಹುಡುಗಿಯ ನಂಬರ್ ಇತ್ತು. ನನ್ನ ಮೊಮ್ಮಗನದು ಇರಲಿಲ್ಲ.

ಆ ರಾತ್ರಿ ಅವನು ಊಟ ಮಾಡಲಿಲ್ಲ. "ತಾತ, ನಾನು ದಡ್ಡನಾ?" ಎಂದು ಕೇಳಿದ. ಸ್ಲೇಟು ತರಿಸಿದೆ. "ನಮ್ಮ ಜಿಲ್ಲೆಯಲ್ಲಿ ತಾಲ್ಲೂಕು ಎಷ್ಟು?" "ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು, ಹನೂರು. ಐದು." "80 ಸೀಟನ್ನು ಸುಮ್ಮನೆ ಲೆಕ್ಕಕ್ಕೆ ಐದಕ್ಕೂ ಸಮನಾಗಿ ಹಂಚು." "ತಾಲ್ಲೂಕಿಗೆ ಹದಿನಾರು." "ನಮ್ಮ ತಾಲ್ಲೂಕಲ್ಲಿ ಐದನೇ ತರಗತಿ ಮಕ್ಕಳು ಹದಿನಾರೇ ಜನರಾ?" ಅವನು ಬಹಳ ಹೊತ್ತು ಸ್ಲೇಟು ನೋಡುತ್ತ ಕೂತ. ಅಳು ನಿಲ್ಲಲಿಲ್ಲ. ಆದರೆ ಮತ್ತೆ ದಡ್ಡನೆಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಈಗ ನಮ್ಮೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾನೆ. ಗಣಿತದಲ್ಲಿ ಅವನ ವೇಗ ನೋಡಿ ಮೇಷ್ಟ್ರುಗಳು ಮೆಚ್ಚುತ್ತಾರೆ. ಜಗಲಿಯ ಪಾಠ ವ್ಯರ್ಥವಾಗಲಿಲ್ಲ.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಮಾತು. ಇಂಥ ಪರೀಕ್ಷೆಗೆ ಮಗುವನ್ನು ಕೂರಿಸುವಾಗಲೇ ಸೀಟುಗಳ ಈ ಲೆಕ್ಕವನ್ನೂ ಹೇಳಿಕೊಡಿ. ಸಿಕ್ಕರೆ ಹಿಗ್ಗೋಣ. ಸಿಗದಿದ್ದರೆ ಮಗು ತನ್ನನ್ನೇ ಹಳಿದುಕೊಳ್ಳಬಾರದು.

ಹುಡುಗಿ ಹೊರಟ ದಿನ ಅಜ್ಜಿ ತಡೆಯಲಿಲ್ಲ. ಅವಳ ಟ್ರಂಕಿನಲ್ಲಿ ಒಂದು ಡಬ್ಬಿ ಹುರಿಗಾಳು ಇಟ್ಟು, ಬೀಗವನ್ನು ಎರಡು ಸಲ ಎಳೆದು ನೋಡಿದರು. ಪೋಷಕರು ಭೇಟಿ ಮಾಡುವ ದಿನ ಬಂದರೆ ಬೆಳಿಗ್ಗೆ ಬೇಗನೆ ಬಸ್‌ಸ್ಟ್ಯಾಂಡಿನಲ್ಲಿರುತ್ತಾರೆ. ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅಜ್ಜಿಗೆ ಬೋರ್ಡು ಓದಲು ಬಾರದು. ಅದಕ್ಕೇ ನನ್ನ ಮೊಮ್ಮಗನೂ ಜೊತೆಗೆ ಹೋಗುತ್ತಾನೆ.