ಆನೆಗಳು ಎತ್ತ ಹೋದವು?

ಒಂದೇ ಕಾಲದಲ್ಲಿ ನಡೆಯೋ ಕತೆ ಓದೋದು ಸಲೀಸು. ಎರಡು ಮೂರು ಕಾಲಗಳಲ್ಲಿ ಓಡಾಡುವ ಪತ್ತೇದಾರಿ ಕಾದಂಬರಿ ಹಾಗಲ್ಲ. ನಾನೂರು ವರ್ಷದ ಹಿಂದೆ ಯಾರೋ ಏನನ್ನೋ ಬಚ್ಚಿಟ್ಟಿರುತ್ತಾರೆ. ಇವತ್ತು ಇನ್ಯಾರೋ ಅದರ ಜಾಡು ಹಿಡಿದು ಹೊರಡುತ್ತಾರೆ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಇಬ್ಬರನ್ನೂ ಬಲ್ಲವರು ಓದುವ ನಾವು ಮಾತ್ರ. ಆ ಸುಖಕ್ಕೇ ನಾನು ಇಂಥ ಪುಸ್ತಕ ಹುಡುಕಿ ಓದೋದು.

ಕನ್ನಡದಲ್ಲಿ ಈ ಬಗೆ ಅಂದರೆ ಮೊದಲು ನೆನಪಾಗೋದು ಕೆ.ಎನ್. ಗಣೇಶಯ್ಯನವರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಗಿಡ, ಬೀಜ ನೋಡಿದ ಕಣ್ಣಲ್ಲೇ ಶಿಲ್ಪ, ಶಾಸನಗಳನ್ನೂ ನೋಡುತ್ತಾರೆ. ಅವರ ‘ಕರಿಸಿರಿಯಾನ’ದ ಬೆನ್ನಿಗಿರೋದು 1565ರ ತಾಳಿಕೋಟೆ ಯುದ್ಧ. ರಾಮರಾಯ ಸತ್ತ ಮೇಲೆ ತಮ್ಮ ತಿರುಮಲ ಹಂಪಿಯ ಐಶ್ವರ್ಯವನ್ನೆಲ್ಲ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ. 550 ಆನೆ ಅಂತ ರಾಬರ್ಟ್ ಸಿವೆಲ್ 1900ರಲ್ಲಿ ತಂದ ಪುಸ್ತಕದಲ್ಲಿದೆ. ಅಷ್ಟೊಂದು ಸಿರಿ ಆಮೇಲೆ ಏನಾಯಿತು? ಈ ಒಂದು ಪ್ರಶ್ನೆ ಸಾಕು, ರಾತ್ರಿಯೆಲ್ಲ ದೀಪ ಆರಿಸೋಕಾಗಲ್ಲ.

ಪೆನುಕೊಂಡೆಗೂ ನಮ್ಮ ರಾಯಕೋಟೆಗೂ ಒಂದು ನಂಟಿದೆ. ಮುಂದೆ ಪೆನುಕೊಂಡೆಗೆ ಮುತ್ತಿಗೆ ಬಿದ್ದಾಗ ಅದನ್ನು ಉಳಿಸಿದವನು ಜಗದೇವರಾಯ. ಅದಕ್ಕೆ ಮೆಚ್ಚಿ ಅವನಿಗೆ ಬಾರಾಮಹಲು ಸೀಮೆ ಕೊಟ್ಟರು ಅಂತ ಗೆಜೆಟಿಯರುಗಳು ಹೇಳುತ್ತವೆ. ಬಾರಾಮಹಲು ಅಂದರೆ ನಮ್ಮ ಕೃಷ್ಣಗಿರಿ ಕಡೆಯೇ. ಟೊಮೇಟೊ ಕ್ರೇಟು ಇಳಿಸಿ ಮಂಡಿಯಿಂದ ತಲೆ ಎತ್ತಿದರೆ ಕಾಣೋ ಬೆಟ್ಟದ ಕೋಟೆ ಆಮೇಲೆ ಹೈದರ್, ಟಿಪ್ಪು ಕೈಲಿತ್ತು. 1791ರ ಜುಲೈನಲ್ಲಿ ಮೇಜರ್ ಗೌಡಿ ಹಿಡಿದ. ಮುಂದಿನ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಕಂಪನಿಗೆ ಹೋಯಿತು. 1799ರಲ್ಲಿ ಟಿಪ್ಪುವಿನ ಮೇಲೆ ಹೋದ ಜನರಲ್ ಹ್ಯಾರಿಸ್ಸನ ದಂಡು ಮೈಸೂರು ಸೀಮೆಗೆ ಕಾಲಿಟ್ಟಿದ್ದೂ ಈ ರಾಯಕೋಟೆ ಕಡೆಯಿಂದಲೇ. ಒಂದು ಬೆಟ್ಟ, ಮೂರು ಕಾಲ. ಬರೆಯೋ ಕೈ ಇದ್ದರೆ ಕಾದಂಬರಿ ಇಲ್ಲೇ ಬಿದ್ದಿದೆ.

ಆದರೆ ಗಣೇಶಯ್ಯನವರದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ಕನಕ ಮುಸುಕು’. ಅದರಲ್ಲಿ ಕಾಲಗಳನ್ನು ಹೊಲಿಯೋ ದಾರ ಒಂದು ತೆನೆ. ಸೋಮನಾಥಪುರದ ಕೇಶವ ದೇವಸ್ಥಾನ 13ನೇ ಶತಮಾನದ್ದು. ಅಂಥ ಹೊಯ್ಸಳ ಗುಡಿಗಳ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ಹಾಗೆ ಕಾಣೋದು ಒಂದಿದೆ. ಮುಸುಕಿನ ಜೋಳದ ತವರು ಅಮೆರಿಕ. ಕೊಲಂಬಸ್ ಅತ್ತ ಹೋಗಿದ್ದೇ 1492ರಲ್ಲಿ. ಹಾಗಾದರೆ ಕಲ್ಲಿನ ಮೇಲೆ ಹೇಗೆ ಬಂತು? 1989ರಲ್ಲಿ ಜೋಹಾನೆಸನ್, ಪಾರ್ಕರ್ ಎಂಬಿಬ್ಬರು ಅದು ಜೋಳವೇ ಅಂತ ಬರೆದರು. 1993ರಲ್ಲಿ ಪಾಯಕ್, ಸಚನ್ ಎಂಬಿಬ್ಬರು ಅಲ್ಲ, ಅದು ಮುತ್ತು ಪೋಣಿಸಿದ ಮುಕ್ತಾಫಲ ಅಂದರು. ಜೋಳ ಬೆಳೆಯೋ ನಾನು ಫೋಟೋ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಕಾಳಿನ ಸಾಲು ನೋಡಿದರೆ ಜೋಳವೇ ಅನಿಸುತ್ತೆ, ಕೈಯಲ್ಲಿ ಹಿಡಿದ ರೀತಿ ನೋಡಿದರೆ ಒಡವೆ ಅನಿಸುತ್ತೆ. ಇಲ್ಲಿ ಕೊನೆಗೆ ಯಾರಿಗೂ ಕೊಪ್ಪರಿಗೆ ಸಿಗಬೇಕಾಗಿಲ್ಲ, ಪ್ರಶ್ನೆಯೇ ಸಾಕು.

ಕೊಪ್ಪರಿಗೆ ಅಂದರೆ ನನಗೆ ಹೆದರಿಕೆ. ಅದು ಕಾದಂಬರಿಯ ತಪ್ಪಲ್ಲ. ನಿಧಿ ಕತೆ ಪುಸ್ತಕಕ್ಕಿಂತ ಹಳೇದು. 2019ರ ಜುಲೈನಲ್ಲಿ ಆನೆಗೊಂದಿ ಹತ್ತಿರದ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವನ್ನೇ ನಿಧಿ ಆಸೆಗೆ ರಾತ್ರೋರಾತ್ರಿ ಒಡೆದು ಹಾಕಿದರು. ಕೃಷ್ಣದೇವರಾಯನ ಕಾಲದ ಯತಿಗಳ ಸಮಾಧಿ ಅದು. ಹೊಳೆ ನಡುವಿನ ಗಡ್ಡೆಗೇ ಈ ಗತಿ ಅಂದರೆ ನಮ್ಮ ಹೊಲ, ತೋಪುಗಳ ಕಲ್ಲಿಗೆ ಕಾವಲು ಯಾರು?

ನಮ್ಮ ಕಡೆ ಇರೋದೆಲ್ಲ ವೀರಗಲ್ಲು. ಕೆಲವು ತಮಿಳು ಬರಹದವು, ಕೆಲವು ಕನ್ನಡದವು. ತುರು ಹೊಡಕೊಂಡು ಹೋದವರ ಹಿಂದೆ ಓಡಿ ಸತ್ತವರಿಗೆ ಊರು ನಿಲ್ಲಿಸಿದ ಕಲ್ಲುಗಳು. ತಮಿಳಿನವರು ಎಷ್ಟೋ ಕಡೆ ವೇಡಿಯಪ್ಪನ್ ಅಂತ ಪೂಜೆ ಮಾಡುತ್ತಾರೆ. ನಮ್ಮ ಹೊಲದ ಬದುವಿನಲ್ಲೂ ಒಂದಿತ್ತು. ಅದರ ಕೆಳಗೆ ಹಣವಿದೆಯಂತೆ ಅನ್ನೋ ಮಾತು ನಾನು ಚಿಕ್ಕೋನಿದ್ದಾಗಿನಿಂದ ಇತ್ತು. ಒಮ್ಮೆ ಅಜ್ಜಿಯನ್ನ ಕೇಳಿದ್ದೆ. “ದುಡ್ಡು ಹೂತಿಟ್ಟು, ಅದರ ಮ್ಯಾಲೆ ಗುರ್ತಿಗೆ ಅಂತ ಕಲ್ಲು ನಿಲ್ಸೋ ದಡ್ಡ ಯಾವನ್ಲಾ?” ಅಂದಿತ್ತು. ಇಷ್ಟು ನೇರವಾದ ತರ್ಕ ಯಾವ ಪತ್ತೇದಾರನ ಬಾಯಲ್ಲೂ ನಾನು ಓದಿಲ್ಲ.

ಅಜ್ಜಿ ತೀರಿಕೊಂಡ ಎಷ್ಟೋ ವರ್ಷಕ್ಕೆ, ಒಂದು ಅಮಾವಾಸ್ಯೆ ರಾತ್ರಿ ಯಾರೋ ಬಂದು ಅಗೆದರು. ಬೆಳಿಗ್ಗೆ ನೀರು ಕಟ್ಟೋಕೆ ಹೋದಾಗ ಆಳುದ್ದ ಗುಂಡಿ, ನಿಂಬೆಹಣ್ಣು, ಕುಂಕುಮ. ಕಲ್ಲು ಎರಡು ತುಂಡಾಗಿತ್ತು. ಮಗನೂ ನಾನೂ ಅಕ್ಕಪಕ್ಕದ ಹೊಲದವರೂ ಸೇರಿ ಸಿಮೆಂಟು ಹಾಕಿ ನಿಲ್ಲಿಸಿದೆವು. ಆಮೇಲೆ ಹಳಗನ್ನಡ ಲಿಪಿ ಬಲ್ಲವರೊಬ್ಬರು ಬಂದು, ನೀರು ಚಿಮುಕಿಸಿ, ಸೀಮೆಸುಣ್ಣದ ಪುಡಿ ಸವರಿ, ಸಂಜೆವರೆಗೂ ಕೂತು ಓದಿದರು. ನಾಲ್ಕು ಸಾಲು. ಊರಿನ ತುರುಗಳನ್ನು ಬಿಡಿಸೋಕೆ ಹೋದದ್ದು ಸಿಕ್ಕಿತು, ಸತ್ತದ್ದು ಸಿಕ್ಕಿತು. ಕಲ್ಲು ಒಡೆದಿರೋದು ಸರಿಯಾಗಿ ಎರಡನೇ ಸಾಲಿನ ಮೇಲೆ. ಅವನ ಹೆಸರು ಇದ್ದದ್ದು ಅಲ್ಲೇ.